ಘಟ್ಟ ಹತ್ತುವ ಮೊದಲು

ಯಾರಾದರೂ ಊರು ಬಿಟ್ಟು ಹೊರಟರೆಂದರೆ ನನ್ನ ಅಜ್ಜಿ ಮೊದಲು ಕೇಳುತ್ತಿದ್ದ ಪ್ರಶ್ನೆ, "ಘಟ್ಟಕ್ಕೋ?" ಎಂದು. ಅಲ್ಲ ಅಜ್ಜಿ, ಮಂಗಳೂರಿಗೆ, ಬೊಂಬಾಯಿಗೆ ಎಂದರೆ ಸುಮ್ಮನಾಗುತ್ತಿದ್ದರು. ಹೌದೆಂದರೆ ಮುಂದಿನ ಪ್ರಶ್ನೆಗಳು ಬರುತ್ತಿದ್ದವು: "ಯಾವ ತಿಂಗಳಲ್ಲಿ? ರಾತ್ರಿ ತಂಗುವುದು ಎಲ್ಲಿ?" ಮಕ್ಕಳಾದ ನಾವು ನಗುತ್ತಿದ್ದೆವು. ಆಗ ಬಸ್ಸುಗಳು ಸಂಪಾಜೆಯ ತಿರುವುಗಳನ್ನು ಹತ್ತಿ ಕೆಲವೇ ಗಂಟೆಗಳಲ್ಲಿ ಮಡಿಕೇರಿ ಸೇರುವ ಕಾಲ ಬಂದಾಗಿತ್ತು. ಅಜ್ಜಿಯದು ಹಳೆಯ ಕಾಲದ ಹೆದರಿಕೆ ಎಂದೇ ನಾವು ತಿಳಿದಿದ್ದೆವು. ಓದುಗರೇ, ಆ ಮೂರು ಪ್ರಶ್ನೆಗಳನ್ನೇ ಉಷ್ಣದೇಶಗಳಿಗೆ ಹೊರಡುವವರನ್ನು ಇಂದು ವೈದ್ಯರು ಕೇಳುತ್ತಾರೆಂಬುದು ನನಗೆ ಗೊತ್ತಾದದ್ದು ಬ್ಯಾಂಕಿನ ಕೆಲಸದಿಂದ ನಿವೃತ್ತನಾದ ಮೇಲೆ, ಅಕ್ಕನ ಮಗನ ಜೊತೆ ಒಬ್ಬ ವೈದ್ಯರ ಮುಂದೆ ಕುಳಿತಾಗ. ಆ ವಿಷಯ ಆಮೇಲೆ ಹೇಳುತ್ತೇನೆ. ಮೊದಲು ಘಟ್ಟದ ಕತೆ ಆಗಲಿ.

ನಮ್ಮ ಕಾಸರಗೋಡು, ಪುತ್ತೂರು, ಸುಳ್ಯದ ಕಡೆಯಿಂದ ಕೊಡಗಿನ ಕಾಫಿ ತೋಟಗಳಿಗೂ, ಅಲ್ಲಿಂದ ಕುಟ್ಟ, ತೋಲ್ಪೆಟ್ಟಿ ದಾಟಿ ವಯನಾಡಿಗೂ ದುಡಿಯಲು ಹೋಗುವುದು ಹಿಂದಿನಿಂದ ನಡೆದು ಬಂದದ್ದು. ಕೂಲಿಯವರು ಹೋದರು, ಮೇಸ್ತ್ರಿಗಳು ಹೋದರು, ಕರಿಮೆಣಸಿನ ವ್ಯಾಪಾರದವರೂ ಅವರ ಲೆಕ್ಕ ಬರೆಯುವವರೂ ಹೋದರು. ಅವರು ಹಿಂದೆ ತಂದದ್ದು ಹಣವೊಂದನ್ನೇ ಅಲ್ಲ. ದಿನ ಬಿಟ್ಟು ದಿನ ಬರುವ ಚಳಿಜ್ವರ, ಬಿಳಿಚಿಕೊಂಡ ಮುಖ, ಹೊಟ್ಟೆಯ ಎಡಬದಿಯಲ್ಲಿ ಕೈಗೆ ಸಿಗುವ ಜ್ವರಗಡ್ಡೆ, ಇವೂ ಜೊತೆಗೆ ಬಂದವು. ಶಿವರಾಮ ಕಾರಂತರ 'ಚೋಮನ ದುಡಿ' 1933ರ ಕಾದಂಬರಿ. ಓದಿದವರಿಗೆ ನೆನಪಿರಬಹುದು, ಸಾಲದ ಹೊರೆ ಇಳಿಸಲು ಘಟ್ಟದ ತೋಟಕ್ಕೆ ಹೋದ ಚೋಮನ ಮಗನೊಬ್ಬ ಜ್ವರ ಹಿಡಿಸಿಕೊಂಡು ಬಂದು ತೀರಿಹೋಗುತ್ತಾನೆ. ಮಲೆಯಾಳದಲ್ಲಿ ಎಸ್. ಕೆ. ಪೊಟ್ಟೆಕ್ಕಾಟ್ ಅವರು 1948ರಲ್ಲಿ ಪ್ರಕಟಿಸಿದ 'ವಿಷಕನ್ಯಕ'ವೂ ತಿರುವಾಂಕೂರಿನಿಂದ ಮಲಬಾರಿನ ಕಾಡಿಗೆ ಭೂಮಿ ಹುಡುಕಿಕೊಂಡು ಬಂದವರನ್ನು ಜ್ವರ ನುಂಗಿದ ಕತೆ. ಎರಡು ಭಾಷೆಯವರು ಒಂದೇ ಜ್ವರವನ್ನು ಬರೆದರೆಂದರೆ ಅದು ಎಷ್ಟು ಮನೆಗಳನ್ನು ಹೊಕ್ಕಿರಬೇಕು, ನೀವೇ ಲೆಕ್ಕ ಹಾಕಿ.

ಜ್ವರ ಯಾಕೆ ಬಂತು ಎಂದು ಕೇಳಿದರೆ ನಮ್ಮ ಹಿರಿಯರ ಉತ್ತರ, "ಘಟ್ಟದ ನೀರು ಒಗ್ಗಲಿಲ್ಲ." ಇದನ್ನು ಹಳ್ಳಿಯವರ ಅಜ್ಞಾನ ಎಂದು ತಳ್ಳಿಹಾಕುವಂತಿಲ್ಲ. ಮಲೇರಿಯಾ ಎಂಬ ಹೆಸರಿನ ಅರ್ಥವೇ ಇಟಲಿಯ ಭಾಷೆಯಲ್ಲಿ ಕೆಟ್ಟ ಗಾಳಿ ಎಂದು. ಯುರೋಪಿನ ದೊಡ್ಡ ದೊಡ್ಡ ವೈದ್ಯರೂ ಜೌಗು ನೆಲದಿಂದ ರಾತ್ರಿ ಏಳುವ ಆವಿಯೇ ಜ್ವರಕ್ಕೆ ಕಾರಣವೆಂದು ನಂಬಿದ್ದರು. ನಾವು ನೀರು ಅಂದೆವು, ಅವರು ಗಾಳಿ ಅಂದರು, ಅಷ್ಟೇ ವ್ಯತ್ಯಾಸ.

ಕಾರಣ ತಪ್ಪಾಗಿದ್ದರೂ ಹಿರಿಯರು ಪಾಲಿಸಿದ ಕಟ್ಟುಪಾಡುಗಳಲ್ಲಿ ಬಹಳಷ್ಟು ಸರಿಯಾಗಿದ್ದವು. ಮುಂಗಾರಿಗೆ ಮುಂಚಿನ ಸೆಕೆಯ ತಿಂಗಳುಗಳಲ್ಲಿ ಹೊಸಬರು ಘಟ್ಟಕ್ಕೆ ಹೋಗಬಾರದು. ಹೋಗಲೇಬೇಕಾದರೆ ಕಾಡನ್ನು ಹಗಲಿನಲ್ಲೇ ದಾಟಬೇಕು. ಹೊಳೆಬದಿಯಲ್ಲಿ, ಘಟ್ಟದ ಬುಡದಲ್ಲಿ ರಾತ್ರಿ ತಂಗಬಾರದು. ತಂಗಿದರೆ ಹೊಗೆ ಹಾಕಿ, ತಲೆಯಿಂದ ಕಾಲಿನವರೆಗೆ ಕಂಬಳಿ ಹೊದ್ದು ಮಲಗಬೇಕು. ಈಗ ಇದನ್ನು ಸೊಳ್ಳೆಯ ಕಡೆಯಿಂದ ನೋಡಿ. ಮಲೇರಿಯಾ ಹರಡುವ ಅನಾಫಿಲಿಸ್ ಜಾತಿಯ ಸೊಳ್ಳೆ ರಾತ್ರಿ ಕಚ್ಚುವಂಥದು. ಅದರಲ್ಲೂ ವಯನಾಡು, ಮಲೆನಾಡುಗಳಲ್ಲಿ ಹೆಸರಾದ ಫ್ಲುವಿಯಾಟಿಲಿಸ್ ಎಂಬ ಬಗೆ ಕೊಳಚೆಯಲ್ಲಿ ಹುಟ್ಟುವುದಿಲ್ಲ. ನಿಧಾನವಾಗಿ ಹರಿಯುವ ತಿಳಿನೀರಿನ ತೊರೆಯ ಅಂಚಿನಲ್ಲಿ, ಹುಲ್ಲಿನ ನೆರಳಿನಲ್ಲಿ ಮೊಟ್ಟೆಯಿಡುತ್ತದೆ. ಮಳೆಗಾಲದಲ್ಲಿ ತೊರೆ ಉಕ್ಕಿದರೆ ಮರಿಗಳೆಲ್ಲ ಕೊಚ್ಚಿಹೋಗುತ್ತವೆ. ಬೇಸಿಗೆಯಲ್ಲಿ ನೀರು ತೆಳುವಾದಾಗ ಅದಕ್ಕೆ ಸುಗ್ಗಿ. ಕನ್ನಡಿಯಂಥ ನೀರನ್ನು ಕಂಡು ಯಾರು ತಾನೇ ಹೆದರುತ್ತಾರೆ? ಹಾಗೆ ನೋಡಿದರೆ "ನೀರು ಒಗ್ಗಲಿಲ್ಲ" ಎಂಬ ಮಾತು ಪೂರ್ತಿ ಸುಳ್ಳೂ ಅಲ್ಲ. ಕುಡಿದ ನೀರಲ್ಲ, ಪಕ್ಕದಲ್ಲಿ ಮಲಗಿದ ನೀರು.

ಎಲ್ಲ ಕಟ್ಟುಪಾಡುಗಳೂ ಇಷ್ಟು ಗಟ್ಟಿಯಾಗಿರಲಿಲ್ಲ ಎಂಬುದನ್ನೂ ಹೇಳಬೇಕು. ಆಟಿ ಅಮಾವಾಸ್ಯೆಯ ದಿನ ಬೆಳಕು ಹರಿಯುವ ಮೊದಲು ಹಾಲೆ ಮರದ, ತುಳುವಿನಲ್ಲಿ ಪಾಲೆಯ, ತೊಗಟೆಯನ್ನು ಕಲ್ಲಿನಿಂದ ಜಜ್ಜಿ ತಂದು, ರಸ ತೆಗೆದು, ಬೆಣಚುಕಲ್ಲು ಕಾಯಿಸಿ ಅದರಲ್ಲಿ ಅದ್ದಿ ಬರಿಹೊಟ್ಟೆಯಲ್ಲಿ ಕುಡಿಯುವುದು ನಮ್ಮ ತುಳುನಾಡಿನ ಪದ್ಧತಿ. ವರ್ಷವಿಡೀ ಜ್ವರ ಬಾರದೆಂಬ ನಂಬಿಕೆ. ನಾನೂ ಪ್ರತಿ ವರ್ಷ ಕುಡಿದವನೇ. ಆ ಕಹಿಗೆ ಹೆದರಿ ಹಿತ್ತಲಲ್ಲಿ ಅಡಗಿದ್ದೂ ಉಂಟು. ಹತ್ತೊಂಬತ್ತನೆಯ ಶತಮಾನದಲ್ಲಿ ಬ್ರಿಟಿಷ್ ವೈದ್ಯರು ಕೂಡ ಈ ತೊಗಟೆಯನ್ನು ಕ್ವಿನೈನಿಗೆ ಬದಲಾಗಿ ಬಳಸಿ ನೋಡಿದ್ದರು. ಆದರೆ ಹಾಲೆಯಲ್ಲಿ ಕ್ವಿನೈನ್ ಇಲ್ಲ. ಕಹಿಯಾದದ್ದೆಲ್ಲ ಮಲೇರಿಯಾಕ್ಕೆ ಮದ್ದಲ್ಲ. ಕುಡಿಯುವವರು ಪದ್ಧತಿಯೆಂದು ಕುಡಿಯಲಿ, ಅದನ್ನು ನಂಬಿ ಜ್ವರದ ಸೀಮೆಗೆ ಹೋಗುವುದು ಬೇಡ. ಇನ್ನೊಂದು ಮಾತು, ನಸುಕಿನ ಕತ್ತಲಲ್ಲಿ ಮರ ತಪ್ಪಿ ಕಾಸರಕದ ತೊಗಟೆ ತಂದರೆ ಪ್ರಾಣಕ್ಕೇ ಸಂಚಕಾರ. ಕಾಸರಕ ನಮ್ಮಲ್ಲಿ ಅಪರೂಪದ ಮರವೇನಲ್ಲ, ನಮ್ಮ ಊರಿನ ಹೆಸರೇ ಅದರಿಂದ ಬಂತೆಂದು ಹೇಳುವವರಿದ್ದಾರೆ.

ಇನ್ನು ವಯನಾಡಿಗೆ ಹೊಂದಿಕೊಂಡೇ ಇರುವ ನೀಲಗಿರಿಗೆ ಬರೋಣ. ಊಟಿಯಿಂದ ಉತ್ತರಕ್ಕೆ ಕಲ್ಲಟ್ಟಿಯ ಮೇಲೆ ಮಸಿನಗುಡಿಯ ಕಡೆಗೆ ಇಳಿಯುವ ದಾರಿಗೆ ಸೀಗೂರು ಘಾಟಿ ಎಂದು ಹೆಸರು. ಮೇಲೆ ಊಟಿಯ ತಂಪು, ಜ್ವರದ ಭಯವಿಲ್ಲ. ಕೆಳಗೆ ಇಳಿದರೆ ಜ್ವರದ ಕಾಡು. 1897ರ ಬೇಸಿಗೆಯಲ್ಲಿ ಈ ದಾರಿಯಲ್ಲಿ ಒಬ್ಬ ಮಿಲಿಟರಿ ಡಾಕ್ಟರು ಬೇಕೆಂದೇ ಇಳಿದುಹೋದರು. ಹೆಸರು ರೊನಾಲ್ಡ್ ರಾಸ್. ಕಾಲರಾ ತಡೆಯುವ ಕೆಲಸಕ್ಕೆಂದು 1895ರಲ್ಲಿ ಬೆಂಗಳೂರಿಗೆ ಬಂದಿದ್ದವರು, ರಜೆ ಹಾಕಿ ಊಟಿಗೆ ಬಂದಿದ್ದರು. ಮಲೇರಿಯಾಕ್ಕೂ ಸೊಳ್ಳೆಗೂ ಏನೋ ನಂಟಿದೆ ಎಂಬ ಗುಮಾನಿ ಅವರ ತಲೆ ಹೊಕ್ಕಿತ್ತು. ನಂಟು ಏನೆಂಬುದು ಮಾತ್ರ ಗೊತ್ತಿರಲಿಲ್ಲ. ಅವರ ಗುರು ಪ್ಯಾಟ್ರಿಕ್ ಮ್ಯಾನ್ಸನ್ ಅವರ ಊಹೆಯ ಪ್ರಕಾರ ಸೊಳ್ಳೆ ನೀರಿನಲ್ಲಿ ಸಾಯುತ್ತದೆ, ಆ ನೀರನ್ನು ಕುಡಿದವರಿಗೆ ಜ್ವರ ಬರುತ್ತದೆ. ನಮ್ಮ ಅಜ್ಜಿಯ ಮಾತಿಗೂ ಲಂಡನ್ನಿನ ಮ್ಯಾನ್ಸನ್ ಸಾಹೇಬರ ಮಾತಿಗೂ ಎಷ್ಟು ಸಮೀಪ ನೋಡಿ! ರಾಸ್ ಅವರು ಸೊಳ್ಳೆ ಸತ್ತ ನೀರನ್ನು ಕೆಲವರಿಗೆ ಕುಡಿಸಿಯೂ ನೋಡಿದ್ದರು.

ಇಂಥ ಬಲ್ಲವರು ಸೀಗೂರಿಗೆ ಸುಮ್ಮನೆ ಹೋಗಲಿಲ್ಲ, ಕ್ವಿನೈನ್ ತೆಗೆದುಕೊಳ್ಳುತ್ತಲೇ ಹೋದರು. ಆದರೂ ಮೂರನೆಯ ದಿನಕ್ಕೆ ಚಳಿ ಹಿಡಿದು ಮಲಗಿದರು. ಜ್ವರದ ಬೇರು ಹುಡುಕಲು ಹೋದವರಿಗೆ ಜ್ವರವೇ ಬಂತು. ಇದನ್ನು ಓದಿದಾಗ ನನಗೆ ಮೊದಲು ಅನಿಸಿದ್ದು, ಹಾಗಾದರೆ ಮುಂಜಾಗ್ರತೆಯೆಲ್ಲ ವ್ಯರ್ಥವೇ ಎಂದು. ಆಮೇಲೆ ಯೋಚಿಸಿದೆ. ಸೊಳ್ಳೆ ಕಚ್ಚಿದ ಮೇಲೆ ರೋಗಾಣು ಮೊದಲು ಪಿತ್ತಕೋಶವಿರುವ ಈರಲನ್ನು, ಅಂದರೆ ಯಕೃತ್ತನ್ನು ಸೇರಿ ಅಲ್ಲಿ ಬೆಳೆದು, ಬಳಿಕ ರಕ್ತಕ್ಕೆ ಇಳಿಯುತ್ತದೆ. ಜ್ವರ ಏಳಲು ಒಂದು ವಾರವಾದರೂ ಬೇಕು. ಮೂರನೆಯ ದಿನ ಜ್ವರ ಬಂತೆಂದರೆ ಕಚ್ಚಿದ್ದು ಸೀಗೂರಿನ ಸೊಳ್ಳೆ ಆಗಿರಲಾರದು. ಅದಕ್ಕೆ ಮುಂಚೆ ಎಲ್ಲೋ, ಹೆದರಿಕೆಯಿಲ್ಲವೆಂದುಕೊಂಡ ಜಾಗದಲ್ಲಿ ಕಚ್ಚಿರಬೇಕು. ರಾಸ್ ಅವರಿಗೆ ಆಗ ಇದು ತಿಳಿಯುವಂತಿರಲಿಲ್ಲ. ಗುಣವಾಗಿ ಸಿಕಂದರಾಬಾದಿಗೆ ಮರಳಿದರು. ಅದೇ ವರ್ಷ ಆಗಸ್ಟ್ 20ರಂದು, ಹುಸೇನ್ ಖಾನ್ ಎಂಬ ರೋಗಿಯನ್ನು ಕಚ್ಚಿದ್ದ ಸೊಳ್ಳೆಯ ಹೊಟ್ಟೆಯ ಗೋಡೆಯಲ್ಲಿ ಮಲೇರಿಯಾದ ರೋಗಾಣು ಬೆಳೆಯುತ್ತಿರುವುದನ್ನು ಸೂಕ್ಷ್ಮದರ್ಶಕದಲ್ಲಿ ಕಂಡರು. ಒಂದು ಸೊಳ್ಳೆಯಿಂದ ಕಚ್ಚಿಸಿಕೊಂಡರೆ ಒಂದು ಆಣೆಯಂತೆ ಆ ಹುಸೇನ್ ಖಾನನಿಗೆ ಕೊಟ್ಟರಂತೆ. 1902ರಲ್ಲಿ ರಾಸ್ ಅವರಿಗೆ ನೊಬೆಲ್ ಬಹುಮಾನ ಬಂತು. ಹತ್ತು ಆಣೆಯ ಖರ್ಚಿಗೆ ಇಷ್ಟು ದೊಡ್ಡ ಆದಾಯ ನನ್ನ ನೌಕರಿಯಲ್ಲಿ ಯಾವ ಲೆಡ್ಜರಿನಲ್ಲೂ ನಾನು ನೋಡಿಲ್ಲ.

ರಾಸ್ ನುಂಗಿದ ಆ ಕ್ವಿನೈನಿಗೂ ನೀಲಗಿರಿಗೂ ಹಳೆಯ ನಂಟು. ಕ್ವಿನೈನ್ ಸಿಗುವುದು ದಕ್ಷಿಣ ಅಮೆರಿಕದ ಆಂಡಿಸ್ ಬೆಟ್ಟಗಳ ಸಿಂಕೋನಾ ಮರದ ತೊಗಟೆಯಿಂದ. 1860ರಲ್ಲಿ ಕ್ಲೆಮೆಂಟ್ಸ್ ಮಾರ್ಕಮ್ ಎಂಬವರು ಪೆರು ದೇಶದಿಂದ ಸಸಿಗಳನ್ನು ಹಡಗಿನಲ್ಲಿ ತಂದರು. ದಾರಿಯಲ್ಲಿ ಬಹಳಷ್ಟು ಬಾಡಿಹೋದವು. ಊಟಿಯ ತೋಟದ ಅಧಿಕಾರಿ ಮ್ಯಾಕ್‌ಐವರ್ ಹಠ ಹಿಡಿದು ದೊಡ್ಡಬೆಟ್ಟದಲ್ಲಿ, ಗೂಡಲೂರು ದಾರಿಯ ನಡುವಟ್ಟದಲ್ಲಿ ಸಿಂಕೋನಾ ಬೆಳೆಸಿದರು. ನಡುವಟ್ಟದ ತೋಟಕ್ಕೆ ದುಡಿಸಿಕೊಂಡವರಲ್ಲಿ ಮಲಯದ ಕಡೆಯಿಂದ ತಂದ ಚೀನೀ ಕೈದಿಗಳೂ ಇದ್ದರು. ಮುಂದೆ ನಡುವಟ್ಟದಲ್ಲಿ ಸರ್ಕಾರದ ಕ್ವಿನೈನ್ ಕಾರ್ಖಾನೆ ನಡೆಯಿತು. ಮದರಾಸು ಪ್ರಾಂತದ ಅಂಚೆ ಕಚೇರಿಗಳಲ್ಲಿ ಸ್ಟಾಂಪು ಕಾರ್ಡುಗಳ ಜೊತೆ ಕ್ವಿನೈನ್ ಪೊಟ್ಟಣವನ್ನೂ ಮಾರುತ್ತಿದ್ದ ಕಾಲ ಅದು. ನಮ್ಮ ಜಿಲ್ಲೆಯೂ ಆಗ ಮದರಾಸಿಗೇ ಸೇರಿದ್ದು.

ಹೊರಡುವ ಮೊದಲೇ ಕ್ವಿನೈನ್ ಶುರು ಮಾಡಬೇಕೆಂಬ ಪಾಠ ಕಲಿತದ್ದು ಮಾತ್ರ ದೂರದ ಆಫ್ರಿಕದಲ್ಲಿ. 1841ರಲ್ಲಿ ಬ್ರಿಟಿಷರು ಪಶ್ಚಿಮ ಆಫ್ರಿಕದ ನೈಜರ್ ನದಿಯಲ್ಲಿ ಹಡಗುಗಳನ್ನು ಮೇಲಕ್ಕೆ ನಡೆಸಿದರು. ಹಡಗಿನಲ್ಲಿದ್ದ ಬಿಳಿಯರಲ್ಲಿ ಹೆಚ್ಚಿನವರೆಲ್ಲ ಜ್ವರದಲ್ಲಿ ಮಲಗಿದರು, ನಲವತ್ತರ ಸುಮಾರಿಗೆ ಜನ ಸತ್ತರು. 1854ರಲ್ಲಿ ಡಾಕ್ಟರ್ ಬೇಕಿ ಎಂಬವರು 'ಪ್ಲಿಯಾಡ್' ಎಂಬ ಹಡಗಿನಲ್ಲಿ ಅದೇ ನದಿಗೆ ಹೋದರು. ಜ್ವರ ಬರಲಿ ಎಂದು ಕಾಯದೆ, ದಿನವೂ ಎಲ್ಲರಿಗೂ ಕ್ವಿನೈನ್ ಕೊಡಿಸಿದರು. ಆ ಹಡಗಿನ ಬಿಳಿಯರಲ್ಲಿ ಒಬ್ಬರೂ ಜ್ವರದಿಂದ ಸಾಯಲಿಲ್ಲ. ನದಿ ಅದೇ, ಸೊಳ್ಳೆ ಅದೇ. ಸೊಳ್ಳೆಯ ವಿಷಯ ಅವರಿಗೆ ಗೊತ್ತೇ ಇರಲಿಲ್ಲ.

ಈಗ ನನ್ನ ಅಜ್ಜಿಯ ಹೆದರಿಕೆಗೆ ಬರುತ್ತೇನೆ. ಅಜ್ಜನ ತಮ್ಮ, ನಮಗೆ ಚಿಕ್ಕಜ್ಜ, 1943ರಲ್ಲಿ ಮಾನಂದವಾಡಿಯ ಕಡೆ ಒಬ್ಬ ಮೆಣಸಿನ ವ್ಯಾಪಾರಿಯ ಲೆಕ್ಕ ಬರೆಯಲು ಹೋದರು. ಆಗ ಇಪ್ಪತ್ತಮೂರು ವಯಸ್ಸು. ಯುದ್ಧದ ಕಾಲ. ಜಗತ್ತಿನ ಸಿಂಕೋನಾ ತೊಗಟೆಯ ಬಹುಪಾಲು ಜಾವಾ ದ್ವೀಪದಿಂದ ಬರುತ್ತಿತ್ತು, 1942ರ ಮಾರ್ಚಿಯಲ್ಲಿ ಜಪಾನೀಯರು ಜಾವಾವನ್ನು ಹಿಡಿದರು. ಕ್ವಿನೈನ್ ಸೈನ್ಯಕ್ಕೇ ಸಾಲದಾಯಿತು. ಅಂಚೆ ಕಚೇರಿಯಲ್ಲಿ ಕೇಳಿದರೆ ಇಲ್ಲ, ಪೇಟೆಯಲ್ಲಿ ಕೇಳಿದರೆ ಕಾಳಸಂತೆಯ ಬೆಲೆ. ಅಜ್ಜ ಯಾರ್ಯಾರದೋ ಕೈಕಾಲು ಹಿಡಿದು, ಒಂದು ಮುಡಿ ಅಕ್ಕಿ ಕೊಟ್ಟು, ಒಂದಿಷ್ಟು ಮಾತ್ರೆ ಸಂಪಾದಿಸಿ ತಮ್ಮನ ಕೈಗೆ ಕೊಟ್ಟರು. "ಜ್ವರ ಬಂದರೆ ಏಳು ದಿನ ಬಿಡದೆ ನುಂಗು" ಎಂದು ಕಂಪೌಂಡರು ಹೇಳಿದ್ದನ್ನೂ ಹೇಳಿದರು.

ಜ್ವರ ಬಂತು. ಚಿಕ್ಕಜ್ಜ ಎರಡು ದಿನ ಮಾತ್ರೆ ನುಂಗಿದರು, ಜ್ವರ ಬಿಟ್ಟಿತು. ಉಳಿದದ್ದನ್ನು ಮುಂದಕ್ಕಿರಲಿ ಎಂದು ಕಟ್ಟಿಟ್ಟರು. ತಿಂಗಳೊಳಗೆ ಮತ್ತೆ ಬಂತು, ಮತ್ತೆ ಎರಡು ದಿನ ನುಂಗಿದರು. ಜೊತೆಗಿದ್ದವನ ಮಗುವಿಗೆ ಜ್ವರ ಬಂದಾಗ ಒಂದೆರಡು ಕೊಟ್ಟರಂತೆ. ಮೂರನೆಯ ಸಲ ಬಂದಾಗ ಯಾರದೋ ಎತ್ತಿನಗಾಡಿಯಲ್ಲಿ, ಲಾರಿಯಲ್ಲಿ ಹೇಗೋ ಮನೆ ಸೇರಿದರು. ಮಳೆಗಾಲ ಹಿಡಿದ ಮೇಲೆ ತೀರಿಕೊಂಡರು. ಅವರ ಬಟ್ಟೆಯ ಗಂಟು ಬಿಚ್ಚಿದಾಗ ಧೋತರದ ಮಡಿಕೆಯಲ್ಲಿ ಒಂಬತ್ತು ಮಾತ್ರೆ ಹಾಗೇ ಇದ್ದವು. ಅಜ್ಜಿ ಅದನ್ನು ಎಣಿಸಿದ್ದರು. ಮೂವತ್ತು ವರ್ಷದ ನಂತರವೂ ನಮಗೆ ಹೇಳುವಾಗ "ಒಂಬತ್ತು" ಎಂಬಲ್ಲಿ ಅವರ ಧ್ವನಿ ತಗ್ಗುತ್ತಿತ್ತು.

ಚಿಕ್ಕಜ್ಜನನ್ನು ತಪ್ಪೆನ್ನಲು ನನಗೆ ಮನಸ್ಸು ಬರುವುದಿಲ್ಲ. ಇದ್ದದ್ದನ್ನು ಉಳಿಸಿ ಬಳಸು ಎಂಬುದು ಬಡಮನೆಯಲ್ಲಿ ಹುಟ್ಟಿದಾಗಲೇ ಕಲಿಸುವ ಪಾಠ. ಜ್ವರ ಬಿಟ್ಟದ್ದಕ್ಕೂ ರೋಗ ಬಿಟ್ಟದ್ದಕ್ಕೂ ವ್ಯತ್ಯಾಸವಿದೆಯೆಂದು ಅವರಿಗೆ ಬಿಡಿಸಿ ಹೇಳಿದವರು ಯಾರೂ ಇರಲಿಲ್ಲ.

ಯುದ್ಧ ಮುಗಿದು ಡಿಡಿಟಿ ಬಂತು. ಮನೆಯ ಗೋಡೆಗಳಿಗೆ ಬಿಳಿ ಪುಡಿ ಕಲಸಿದ ನೀರನ್ನು ಚಿಮುಕಿಸಿ ಹೋಗುತ್ತಿದ್ದುದನ್ನು ನನ್ನ ವಯಸ್ಸಿನವರು ನೋಡಿದ್ದೀರಿ. ಫ್ಲುವಿಯಾಟಿಲಿಸ್ ಮನೆಯೊಳಗೇ ಕಚ್ಚಿ ಗೋಡೆಯಲ್ಲೇ ಕೂರುವ ಸೊಳ್ಳೆಯಾದ್ದರಿಂದ ಅದಕ್ಕೆ ಇದು ಸರಿಯಾಗಿ ತಟ್ಟಿತು. ವಯನಾಡಿನಲ್ಲಿ ಜನವಸತಿ ದಟ್ಟವಾದದ್ದು ಆ ಮೇಲೆ. 1953ರಲ್ಲಿ ಭಾರತ ಸರ್ಕಾರ ಮಲೇರಿಯಾ ನಿಯಂತ್ರಣದ ಕಾರ್ಯಕ್ರಮ ಆರಂಭಿಸಿತು, 1958ರಲ್ಲಿ ಅದನ್ನೇ ನಿರ್ಮೂಲನೆಯ ಕಾರ್ಯಕ್ರಮವೆಂದು ಬದಲಿಸಿತು. 1965ರ ಹೊತ್ತಿಗೆ ದೇಶದಲ್ಲಿ ಲೆಕ್ಕಕ್ಕೆ ಸಿಕ್ಕಿದ ಪ್ರಕರಣಗಳು ಸುಮಾರು ಒಂದು ಲಕ್ಷಕ್ಕೆ ಇಳಿದವು. ಗೆದ್ದೆವು ಎಂದುಕೊಂಡು ಕೈ ಸಡಿಲಿಸಿದೆವು. 1976ರಲ್ಲಿ ಅದೇ ಲೆಕ್ಕ 64 ಲಕ್ಷ ದಾಟಿತು. ಚಿಕ್ಕಜ್ಜ ಎರಡು ದಿನಕ್ಕೆ ಮಾತ್ರೆ ನಿಲ್ಲಿಸಿದ್ದಕ್ಕೂ ಇದಕ್ಕೂ ನನಗೆ ಹೆಚ್ಚು ಅಂತರ ಕಾಣುವುದಿಲ್ಲ.

ಇಂದು ವಯನಾಡಿಗೆ ಹೊರಟವರು ಯಾರೂ ಮಾತ್ರೆಯ ಮಾತೆತ್ತುವುದಿಲ್ಲ, ಎತ್ತಬೇಕಾಗಿಯೂ ಇಲ್ಲ. ವಿಚಿತ್ರವೆಂದರೆ ಅಜ್ಜಿ ಹೆದರದಿದ್ದ ಮಂಗಳೂರಿಗೇ 1990ರ ದಶಕದಿಂದ ಮಲೇರಿಯಾ ಅಂಟಿಕೊಂಡಿತು. ಕಟ್ಟಡಗಳು ಎದ್ದಂತೆಲ್ಲ ಕ್ಯೂರಿಂಗಿಗೆ ನಿಲ್ಲಿಸಿದ ನೀರು, ಮುಚ್ಚಳವಿಲ್ಲದ ಟ್ಯಾಂಕಿ, ಬಾವಿ, ಇವುಗಳಲ್ಲಿ ಬೆಳೆಯುವ ಸ್ಟೀಫೆನ್ಸಿ ಎಂಬ ಪೇಟೆಯ ಅನಾಫಿಲಿಸ್ ಅಲ್ಲಿ ಮನೆ ಮಾಡಿತು. ದಿನವೂ ರೈಲಿನಲ್ಲಿ ಹೋಗಿ ಬರುವ ನಮ್ಮ ಹುಡುಗರಲ್ಲಿ ಎಷ್ಟೋ ಜನ ಅದರ ರುಚಿ ಕಂಡರು.

ಅಂಥವರಲ್ಲಿ ನನ್ನ ಅಕ್ಕನ ಮಗನೂ ಒಬ್ಬ. ಮಂಗಳೂರಿನ ಗೇರುಬೀಜದ ಕಾರ್ಖಾನೆಗಳಿಗೆ ಹಸಿ ಬೀಜ ಪಶ್ಚಿಮ ಆಫ್ರಿಕದಿಂದ ಬರುತ್ತದೆಂದು ನಿಮಗೆ ಗೊತ್ತಿರಬಹುದು. ಅಲ್ಲಿ ಕೊಯ್ಲಿನ ಕಾಲಕ್ಕೆ ಹೋಗಿ ಬೀಜ ನೋಡಿ ಆರಿಸುವ ಕೆಲಸಕ್ಕೆ ಕೆಲವು ವರ್ಷದ ಹಿಂದೆ ಇವನನ್ನು ಘಾನಾ ದೇಶಕ್ಕೆ ಕಳಿಸುವುದೆಂದಾಯಿತು. ಫೆಬ್ರವರಿಯಲ್ಲಿ ಹೋಗಿ ಏಪ್ರಿಲಿನಲ್ಲಿ ಬರುವುದು. ಹೊರಡಲು ಎಂಟೇ ದಿನವಿದೆ ಎನ್ನುವಾಗ ಮನೆಗೆ ಬಂದ. ಏನು ತಯಾರಿ ಎಂದು ಕೇಳಿದೆ. "ಒಂದು ಮುಲಾಮು ತಗೊಂಡಿದ್ದೇನೆ ಮಾವ. ನನಗೆ ಒಮ್ಮೆ ಮಲೇರಿಯಾ ಬಂದು ಹೋಗಿದೆ, ಇನ್ನು ಬರಲಿಕ್ಕಿಲ್ಲ. ಅಲ್ಲಿಯವರೂ ಮನುಷ್ಯರೇ ಅಲ್ಲವಾ?" ಎಂದ. ಅಕ್ಕ ಹಳೆಯ ಡಬ್ಬಿಯಿಂದ ಕ್ಲೋರೋಕ್ವಿನ್ ಮಾತ್ರೆಯ ಒಂದು ಪಟ್ಟಿ ತೆಗೆದು, "ಇದನ್ನು ಕಟ್ಟಿ ಕಳಿಸಿದರೆ ಸಾಕಲ್ಲ" ಎಂದಳು. ನನಗೆ ಆ ಒಂಬತ್ತು ಮಾತ್ರೆ ಕಣ್ಣಿಗೆ ಕಟ್ಟಿತು. ಮರುದಿನವೇ ಇವನನ್ನು ಪ್ರಯಾಣಿಕರಿಗೆ ಸಲಹೆ ಕೊಡುವ ಒಬ್ಬ ವೈದ್ಯರ ಬಳಿಗೆ ಕರೆದುಕೊಂಡು ಹೋದೆ.

ಅವರು ಕೇಳಿದರು: ಯಾವ ದೇಶ, ಯಾವ ತಿಂಗಳು, ಪೇಟೆಯೋ ಹಳ್ಳಿಯೋ, ರಾತ್ರಿ ಮಲಗುವುದು ಎಲ್ಲಿ? ನಾನು ಮೂಕನಾದೆ.

ಮೊದಲ ತೊಡಕು ಮಲೇರಿಯಾದ್ದಲ್ಲ, ಹಳದಿ ಜ್ವರದ್ದು. ಅದು ಆಫ್ರಿಕ ಮತ್ತು ದಕ್ಷಿಣ ಅಮೆರಿಕದ ಕಾಯಿಲೆ, ಹರಡುವುದು ಹಗಲು ಕಚ್ಚುವ ಪಟ್ಟೆ ಕಾಲಿನ ಈಡಿಸ್ ಸೊಳ್ಳೆ. ಒಂದು ಸಲ ಚುಚ್ಚುಮದ್ದು ಹಾಕಿಸಿಕೊಂಡರೆ ಅದರ ಪ್ರಮಾಣಪತ್ರ 2016ರಿಂದ ಜೀವನಪೂರ್ತಿ ನಡೆಯುತ್ತದೆ. ಮುಂಚೆ ಹತ್ತು ವರ್ಷಕ್ಕೊಮ್ಮೆ ಹಾಕಿಸಬೇಕಿತ್ತು. ಆದರೆ ಆ ಪತ್ರ ಊರ್ಜಿತವಾಗುವುದು ಚುಚ್ಚಿಸಿಕೊಂಡ ಹತ್ತು ದಿನದ ಮೇಲೆ. ಇವನಿಗೆ ಉಳಿದದ್ದು ಏಳು ದಿನ. ಅದನ್ನು ಸರ್ಕಾರ ಗೊತ್ತುಮಾಡಿದ ಕೇಂದ್ರಗಳಲ್ಲಿ ಮಾತ್ರ ಹಾಕುತ್ತಾರೆ, ಅಲ್ಲಿಯೂ ದಿನ ಹಿಡಿಯಬೇಕು. ಟಿಕೆಟ್ಟು ಮುಂದೆ ಹಾಕದೆ ಬೇರೆ ದಾರಿಯಿರಲಿಲ್ಲ. ಧಣಿಗಳು ಗೊಣಗಿದರು, ನಷ್ಟವನ್ನು ಇವನ ಲೆಕ್ಕಕ್ಕೇ ಹಾಕುವ ಮಾತೂ ಬಂತು. ಭಾರತದಲ್ಲಿ ಹಳದಿ ಜ್ವರ ಇಲ್ಲ, ಆದರೆ ಹರಡುವ ಸೊಳ್ಳೆ ಬೇಕಾದಷ್ಟಿದೆ. ಅದಕ್ಕೇ ಅಲ್ಲಿಂದ ಪತ್ರವಿಲ್ಲದೆ ಬಂದವರನ್ನು ವಿಮಾನ ನಿಲ್ದಾಣದಲ್ಲೇ ತಡೆದು ಆರು ದಿನದವರೆಗೆ ಪ್ರತ್ಯೇಕ ಇರಿಸುತ್ತಾರೆ.

ಮಲೇರಿಯಾದ ವಿಷಯದಲ್ಲಿ ವೈದ್ಯರು ಇವನ ಎರಡೂ ನಂಬಿಕೆಗಳನ್ನು ಬಿಡಿಸಿಟ್ಟರು. ಮಂಗಳೂರಿನಲ್ಲಿ ಇವನಿಗೆ ಬಂದದ್ದು ವೈವ್ಯಾಕ್ಸ್ ಎಂಬ ಬಗೆ. ಆಫ್ರಿಕದಲ್ಲಿ ಹೆಚ್ಚಿನದು ಫಾಲ್ಸಿಪ್ಯಾರಮ್, ತಡಮಾಡಿದರೆ ಕೆಲವೇ ದಿನಗಳಲ್ಲಿ ಪ್ರಾಣ ತೆಗೆಯುವಂಥದು. ಒಂದಕ್ಕೆ ಬಿದ್ದ ಪೆಟ್ಟು ಇನ್ನೊಂದನ್ನು ತಡೆಯುವುದಿಲ್ಲ. ಅಲ್ಲಿಯ ದೊಡ್ಡವರಿಗೆ ಅಷ್ಟಿಷ್ಟು ತಡೆಯುವ ಶಕ್ತಿ ಇದ್ದರೆ ಅದು ಬಾಲ್ಯದಿಂದ ಮತ್ತೆ ಮತ್ತೆ ಜ್ವರ ಬಂದು ಬದುಕುಳಿದವರ ಶಕ್ತಿ. ಉಳಿಯದ ಮಕ್ಕಳ ಲೆಕ್ಕ ಬೇರೆಯೇ ಇದೆ. ಅಕ್ಕನ ಕ್ಲೋರೋಕ್ವಿನ್ ಆಫ್ರಿಕದ ಫಾಲ್ಸಿಪ್ಯಾರಮ್‌ಗೆ ಬಹಳ ಕಾಲದಿಂದ ನಾಟುವುದಿಲ್ಲ. ಈಗ ಕೊಡುವುದು ಸಾಮಾನ್ಯವಾಗಿ ಮೂರು ಬಗೆ. ಮೆಫ್ಲೋಕ್ವಿನ್ ವಾರಕ್ಕೊಂದು, ಎರಡು ವಾರ ಮೊದಲೇ ಶುರು ಮಾಡಬೇಕು, ಮನಸ್ಸಿನ ಕಾಯಿಲೆ ಇದ್ದವರಿಗೆ ಆಗದು. ಅಟೊವಕ್ವೋನ್ ಪ್ರೊಗ್ವಾನಿಲ್ ದಿನಕ್ಕೊಂದು, ಬಂದ ಮೇಲೆ ಏಳು ದಿನ ಸಾಕು, ಬೆಲೆ ಹೆಚ್ಚು. ಡಾಕ್ಸಿಸೈಕ್ಲಿನ್ ದಿನಕ್ಕೊಂದು, ಬೆಲೆ ಕಡಿಮೆ, ಗರ್ಭಿಣಿಯರಿಗೂ ಚಿಕ್ಕ ಮಕ್ಕಳಿಗೂ ಬೇಡ, ಬಿಸಿಲಿಗೆ ಚರ್ಮ ಉರಿಯಬಹುದು, ಬಂದ ಮೇಲೆ ನಾಲ್ಕು ವಾರ ಮುಂದುವರಿಸಬೇಕು. ಇವನಿಗೆ ಡಾಕ್ಸಿಸೈಕ್ಲಿನ್ ಬರೆದರು. ಯಾರಿಗೆ ಯಾವುದು ಎಂಬುದನ್ನು ವೈದ್ಯರೇ ಹೇಳಬೇಕು. ನಾನು ಹೇಳಿದೆನೆಂದು ಅಂಗಡಿಗೆ ಹೋಗಬೇಡಿ.

ಊರಿಗೆ ಬಂದ ಮೇಲೆ ನಾಲ್ಕು ವಾರ ಯಾಕೆ ಎಂದು ಅವನು ಕೇಳಿದ. ಕೊನೆಯ ದಿನ ಕಚ್ಚಿದ ಸೊಳ್ಳೆಯ ರೋಗಾಣು ಯಕೃತ್ತಿನಲ್ಲಿ ಅಡಗಿದ್ದು ತಡವಾಗಿ ರಕ್ತಕ್ಕೆ ಇಳಿಯಬಹುದು, ಈ ಮದ್ದು ಅದನ್ನು ಹಿಡಿಯುವುದು ರಕ್ತದಲ್ಲಿ ಎಂದರು. ಮತ್ತೆ, ಮಾತ್ರೆ ನುಂಗಿದರೂ ರಾತ್ರಿ ಮದ್ದು ಲೇಪಿಸಿದ ಸೊಳ್ಳೆಪರದೆ ಬೇಕು, ಸಂಜೆಯಾದರೆ ತುಂಬುತೋಳಿನ ಅಂಗಿ ಬೇಕು, ಹಗಲಿನ ಈಡಿಸ್‌ಗೆ ಅದೇ ಮುಲಾಮು ಬೇಕು. ಬಂದು ಒಂದು ವರ್ಷದೊಳಗೆ ಯಾವ ಜ್ವರ ಬಂದರೂ "ಘಾನಾಕ್ಕೆ ಹೋಗಿದ್ದೆ" ಎಂದು ಮೊದಲು ಹೇಳಬೇಕು, ಅವರು ಕೇಳುವವರೆಗೆ ಕಾಯಬಾರದು.

ಈಡಿಸ್ ಎಂದಾಗ ಅವರು ಪನಾಮಾದ ಒಂದು ಕತೆ ಹೇಳಿದರು. 1880ರ ದಶಕದಲ್ಲಿ ಫ್ರೆಂಚರು ಅಲ್ಲಿ ಕಾಲುವೆ ತೋಡಲು ಹೋದಾಗ ಹಳದಿ ಜ್ವರಕ್ಕೂ ಮಲೇರಿಯಾಕ್ಕೂ ಸಾವಿರಾರು ಮಂದಿ ಸತ್ತರು. ಫ್ರೆಂಚರು ಒಳ್ಳೆಯ ಆಸ್ಪತ್ರೆ ಕಟ್ಟಿಸಿದ್ದರು. ರೋಗಿಗಳಿಗೆ ಇರುವೆ ಕಾಟ ಬೇಡವೆಂದು ಮಂಚದ ಕಾಲುಗಳನ್ನು ನೀರು ತುಂಬಿದ ಬಟ್ಟಲುಗಳಲ್ಲಿ ನಿಲ್ಲಿಸಿದ್ದರು. ಆ ಬಟ್ಟಲುಗಳಲ್ಲೇ ಸೊಳ್ಳೆ ಹುಟ್ಟಿ, ಒಬ್ಬ ರೋಗಿಯಿಂದ ಮತ್ತೊಬ್ಬನಿಗೆ ಜ್ವರ ಹಂಚಿತು. ಅಮೆರಿಕನ್ನರ ಕಾಲದಲ್ಲಿ ಡಾಕ್ಟರ್ ಗೋರ್ಗಸ್ ಬಂದು ಇಂಥ ನೀರನ್ನೆಲ್ಲ ಚೆಲ್ಲಿಸಿ, ಎಣ್ಣೆ ಹಾಕಿಸಿ 1906ರ ಹೊತ್ತಿಗೆ ಅಲ್ಲಿಂದ ಹಳದಿ ಜ್ವರವನ್ನು ಓಡಿಸಿದರು.

ಅಳಿಯ ಘಾನಾಕ್ಕೆ ಹೋದ, ಬಂದ. ಅಕ್ಕ ದಿನವೂ ರಾತ್ರಿ ಫೋನು ಮಾಡಿ, ಬಂದ ಮೇಲೆ ಎದುರಿಗೇ ನಿಂತು, "ಇವತ್ತಿನದು ನುಂಗಿದೆಯಾ?" ಎಂದು ಕೇಳಿ ಕೊನೆಯ ಮಾತ್ರೆಯವರೆಗೆ ಮುಗಿಸಿದಳು. ಜುಲೈ ತಿಂಗಳಲ್ಲಿ ಅವನಿಗೆ ಜೋರು ಜ್ವರ, ಮೈಕೈ ನೋವು. ತಾನಾಗಿಯೇ ಆಸ್ಪತ್ರೆಗೆ ಹೋಗಿ ಘಾನಾದ ವಿಷಯವನ್ನು ಮೊದಲು ಹೇಳಿದ. ರಕ್ತ ಪರೀಕ್ಷೆಯಲ್ಲಿ ಮಲೇರಿಯಾ ಇರಲಿಲ್ಲ. ಡೆಂಗ್ಯೂ ಇತ್ತು. ಡೆಂಗ್ಯೂ ಸೊಳ್ಳೆ ಕಚ್ಚಿದ ಹೆಚ್ಚೆಂದರೆ ಎರಡು ವಾರದೊಳಗೆ ಏಳುವ ಜ್ವರ, ಆ ದಿನಗಳಲ್ಲಿ ಅವನು ಮನೆ ಬಿಟ್ಟು ಎಲ್ಲೂ ಹೋಗಿರಲಿಲ್ಲ. ಗುಣವಾದ, ದೇವರ ದಯೆ.

ಆರೋಗ್ಯ ಇಲಾಖೆಯ ಹುಡುಗಿಯೊಬ್ಬಳು ಮನೆಗೆ ಬಂದು ಹೂಕುಂಡದ ತಟ್ಟೆ, ಬಿಸಾಡಿದ ತೆಂಗಿನ ಗೆರಟೆ ಎಲ್ಲ ನೋಡಿದಳು. ಏನೂ ಇರಲಿಲ್ಲ. ಆಮೇಲೆ ಅಡುಗೆಮನೆಗೆ ಬಂದಳು. ಇರುವೆ ಹತ್ತದಿರಲೆಂದು ಅಕ್ಕ ತಿಂಡಿಯ ಕಪಾಟಿನ ನಾಲ್ಕು ಕಾಲುಗಳನ್ನೂ ನೀರಿನ ಬಟ್ಟಲಿನಲ್ಲಿ ನಿಲ್ಲಿಸಿದ್ದಳು. ನಮ್ಮ ಅಮ್ಮನ ಕಾಲದ ಬಟ್ಟಲುಗಳು. ಹುಡುಗಿ ಟಾರ್ಚು ಬಿಟ್ಟು ತೋರಿಸಿದಳು, ಮರಿಗಳು ಬಾಲ ಮೇಲೆ ಮಾಡಿ ತಲೆಕೆಳಗಾಗಿ ತೇಲುತ್ತಿದ್ದವು. ಪನಾಮಾದ ಕತೆಯನ್ನು ವೈದ್ಯರ ಬಾಯಿಂದ ನಾನೂ ಅಳಿಯನೂ ಕೇಳಿಕೊಂಡು ಬಂದಿದ್ದೆವು. ಅಡುಗೆಮನೆಗೆ ಬಂದು ಬಗ್ಗಿ ನೋಡುವ ಬುದ್ಧಿ ಇಬ್ಬರಿಗೂ ಬಂದಿರಲಿಲ್ಲ. ಅಕ್ಕ ಅಂದೇ ನಾಲ್ಕು ಬಟ್ಟಲನ್ನೂ ಅಂಗಳದಲ್ಲಿ ಕವುಚಿಹಾಕಿ, ಕಪಾಟಿನ ಸುತ್ತ ಸುಣ್ಣದ ಗೆರೆ ಎಳೆದಳು. ಇರುವೆ ಈಗಲೂ ಬರುತ್ತದೆ.